ಕೀ ಕೊಡುವ ಅಲಾರಾಂ ಕೈಗಡಿಯಾರ: ಒಂದೂವರೆ ವರ್ಷದ ಬಳಕೆಯ ನಂತರ

ನನ್ನ ಎಡಗೈಯ ಗಡಿಯಾರಕ್ಕೆ ಮುಳ್ಳು ನಾಲ್ಕು, ಕೀ ಕೊಡುವ ಗುಂಡಿ ಎರಡು, ಬ್ಯಾಟರಿ ಇಲ್ಲ. ಗಂಟೆ, ನಿಮಿಷ, ಸೆಕೆಂಡುಗಳ ಮುಳ್ಳುಗಳ ಜೊತೆಗೆ ತುದಿಯಲ್ಲಿ ಕೆಂಪು ಬಾಣವಿರುವ ನಾಲ್ಕನೆಯದೊಂದಿದೆ. ಅದನ್ನು ನಾನು ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿಗೆ ಗಂಟೆಯ ಮುಳ್ಳು ಬಂದು ಸೇರುತ್ತಿದ್ದಂತೆ ಒಳಗಿನ ಪುಟ್ಟ ಸುತ್ತಿಗೆಯೊಂದು ಗಡಿಯಾರದ ಬೆನ್ನಿಗೆ ಬಡಿಯತೊಡಗುತ್ತದೆ. ಒಂದೂವರೆ ವರ್ಷ ಹೆಚ್ಚುಕಡಿಮೆ ದಿನವೂ ಕಟ್ಟಿಕೊಂಡ ಮೇಲೆ ಈ ಬಗೆಯ ಗಡಿಯಾರದ ಬಗ್ಗೆ ಬರೆಯುವಷ್ಟು ಅನುಭವ ಆಗಿದೆ ಎಂದುಕೊಂಡಿದ್ದೇನೆ. ಡಯಲ್ ಮೇಲಿನ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ, ಏಕೆಂದರೆ ಈ ವಿಷಯದಲ್ಲಿ ಆ ಹೆಸರಿನ ಪಾತ್ರ ಸಣ್ಣದು. ಒಳಗಿರುವುದು ಸ್ವಿಟ್ಜರ್ಲೆಂಡಿನ ಎ. ಶಿಲ್ಡ್ ಕಂಪನಿ ತಯಾರಿಸಿದ ಎ.ಎಸ್. 1475 ಎಂಬ ಯಂತ್ರ. 1950ರ ದಶಕದಿಂದ ಹತ್ತಾರು ಕಂಪನಿಗಳು ಇದನ್ನೇ ಕೊಂಡು, ತಮ್ಮ ತಮ್ಮ ಡಯಲ್ ಜೋಡಿಸಿ ಮಾರಿದವು. ಟ್ಯೂಡರ್ ಕಂಪನಿ 1957ರಲ್ಲಿ ತಂದ ಅಡ್ವೈಸರ್ ಗಡಿಯಾರದ ಹೊಟ್ಟೆಯಲ್ಲಿದ್ದದ್ದೂ ಇದೇ. ಮಾಸ್ಕೋದ ಮೊದಲನೇ ಗಡಿಯಾರ ಕಾರ್ಖಾನೆಯ ಪೊಲ್ಯೋತ್ 2612 ಇದನ್ನೇ ಮಾದರಿಯಾಗಿಟ್ಟುಕೊಂಡು ಹುಟ್ಟಿದ್ದು. ಹಾಗಾಗಿ ಇಲ್ಲಿ ಹೇಳುವ ಬಹುಪಾಲು ಮಾತು ಈ ಇಡೀ ಕುಟುಂಬಕ್ಕೆ ಅನ್ವಯಿಸುತ್ತದೆ.

ಸಮಯ ತೋರಿಸುವುದರಾಚೆಗೆ ಗಡಿಯಾರ ಮಾಡುವ ಪ್ರತಿಯೊಂದು ಕೆಲಸಕ್ಕೂ ಗಡಿಯಾರಪ್ರಿಯರು ಕಾಂಪ್ಲಿಕೇಷನ್ ಎನ್ನುತ್ತಾರೆ. ತಾರೀಖು, ಚಂದ್ರನ ಕಲೆ, ಇನ್ನೊಂದು ದೇಶದ ವೇಳೆ, ಸೆಕೆಂಡುಗಳನ್ನು ಅಳೆಯುವ ಕ್ರೋನೋಗ್ರಾಫ್ ಎಲ್ಲವೂ ಆ ಪಟ್ಟಿಯಲ್ಲಿವೆ, ಮತ್ತು ಎಲ್ಲವೂ ನಾವು ಕತ್ತು ಬಗ್ಗಿಸಿ ನೋಡುವ ತನಕ ಸುಮ್ಮನೆ ಕಾಯುತ್ತವೆ. ಗಂಟೆ ನಿಮಿಷಗಳನ್ನು ಬಾರಿಸಿ ಹೇಳುವ ರಿಪೀಟರ್ ಕೂಡ ಪಕ್ಕದ ಕೀಲಿಯನ್ನು ಜಾರಿಸಿದರೆ ಮಾತ್ರ ಬಾಯಿ ಬಿಡುತ್ತದೆ. ತಾನಾಗಿಯೇ ಗಂಟೆ ಹೊಡೆಯುವ ಸೊನ್ನೆರಿ ಎಂಬ ಅಪರೂಪದ ಜಾತಿಯೂ ಇದೆಯಾದರೂ ಅದು ಹೊಡೆಯುವುದು ಗಡಿಯಾರದ ಗಂಟೆಯನ್ನು. ನಾನು ಆರಿಸಿದ ಗಂಟೆಯನ್ನು, ನಾನು ಅದನ್ನು ಮರೆತು ಕೂತಿರುವ ಹೊತ್ತಿನಲ್ಲಿ, ತಾನೇ ಬಂದು ತಟ್ಟಿ ಹೇಳುವುದು ಅಲಾರಾಂ. ಈ ಗಡಿಯಾರದ ಆಕರ್ಷಣೆಯ ಗುಟ್ಟು ನನ್ನ ಮಟ್ಟಿಗೆ ಅಲ್ಲಿದೆ. ಉಳಿದ ಗಡಿಯಾರಗಳನ್ನು ನಾನು ವಿಚಾರಿಸಿಕೊಳ್ಳುತ್ತೇನೆ, ಇದು ನನ್ನನ್ನು ವಿಚಾರಿಸಿಕೊಳ್ಳುತ್ತದೆ.

ಈ ಉಪಾಯ ಹಳೆಯದು. ಎಟರ್ನಾ ಕಂಪನಿ ಅಲಾರಾಂ ಕೈಗಡಿಯಾರಕ್ಕೆ 1908ರಲ್ಲೇ ಪೇಟೆಂಟ್ ಪಡೆದು, 1914ರಲ್ಲಿ ಬರ್ನ್ ನಗರದಲ್ಲಿ ನಡೆದ ಸ್ವಿಸ್ ರಾಷ್ಟ್ರೀಯ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟಿತ್ತು. ಆದರೂ ಮುಂದಿನ ಮೂರು ದಶಕ ಈ ಬಗೆ ಬೇರೂರಲಿಲ್ಲ. ಕಷ್ಟವಿದ್ದದ್ದು ಸದ್ದಿನಲ್ಲಿ. ಗಡಿಯಾರದ ಬೆನ್ನೇ ಗಂಟೆಯಾಗಿ ಕಂಪಿಸಬೇಕು, ಆದರೆ ಬೆನ್ನು ಒತ್ತಿಕೊಂಡಿರುವುದು ಮಣಿಕಟ್ಟಿಗೆ. ಗಂಟೆಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು ಬಾರಿಸಿದರೆ ಏನು ಕೇಳುತ್ತದೋ ಅಷ್ಟೇ ಇಲ್ಲೂ ಕೇಳುತ್ತದೆ. ಅದರ ಜೊತೆಗೆ, ಸುತ್ತಿಗೆ ಬಡಿಯಲು ಬೇಕಾದ ಬಲವನ್ನು ಸಮಯ ನಡೆಸುವ ಸ್ಪ್ರಿಂಗಿನಿಂದಲೇ ಕಿತ್ತುಕೊಂಡರೆ ಗಡಿಯಾರದ ಓಟ ಕೆಡುತ್ತದೆ. ಈ ಎರಡೂ ಗಂಟುಗಳನ್ನು ಬಿಡಿಸಿದ್ದು ವಲ್ಕೇನ್ ಕಂಪನಿಯ ರಾಬರ್ಟ್ ಡಿಟಿಶೈಮ್. 1947ರಲ್ಲಿ ಬಂದ ಅವನ ಗಡಿಯಾರದ ಹೆಸರು ಕ್ರಿಕೆಟ್, ಅಂದರೆ ಜೀರುಂಡೆ. ಬೆರಳಿನ ಉಗುರಿನಷ್ಟಿರುವ ಹುಳು ಇಡೀ ತೋಟಕ್ಕೆ ಕೇಳುವಂತೆ ಕೂಗಬಲ್ಲದಾದರೆ ಗಡಿಯಾರಕ್ಕೇಕೆ ಆಗದು ಎಂಬುದು ಆ ಹೆಸರಿನ ಹಿಂದಿನ ತರ್ಕ. ಅದರಲ್ಲಿ ಸಮಯಕ್ಕೆ ಒಂದು, ಅಲಾರಾಂಗೆ ಒಂದು ಎಂದು ಎರಡು ಸ್ಪ್ರಿಂಗ್ ಪೆಟ್ಟಿಗೆಗಳಿದ್ದವು. ಬೆನ್ನಿಗೂ ಎರಡು ಪದರ. ಒಳಗಿನ ತೆಳುವಾದ ಲೋಹದ ಪೊರೆ ಸುತ್ತಿಗೆಯ ಏಟಿಗೆ ಕಂಪಿಸುತ್ತದೆ. ರಂಧ್ರಗಳಿರುವ ಹೊರಪದರ ಆ ಪೊರೆಗೆ ಚರ್ಮ ತಾಗದಂತೆ ನೋಡಿಕೊಳ್ಳುತ್ತದೆ. ನಡುವಿನ ಗಾಳಿ ತಂಬೂರಿಯ ಬುರುಡೆ ಮಾಡುವ ಕೆಲಸವನ್ನು ಮಾಡುತ್ತದೆ. ಅಮೆರಿಕದ ಅಧ್ಯಕ್ಷರಾದ ಟ್ರೂಮನ್, ಐಸೆನ್‌ಹೋವರ್, ಜಾನ್ಸನ್, ನಿಕ್ಸನ್ ಇವರೆಲ್ಲರ ಬಳಿ ಕ್ರಿಕೆಟ್ ಇತ್ತು ಎಂಬುದು ಈ ಗಡಿಯಾರದ ಬಗ್ಗೆ ಬರೆಯುವವರೆಲ್ಲ ತಪ್ಪದೆ ಹೇಳುವ ಸಂಗತಿ. ನನಗೆ ಅದಕ್ಕಿಂತ ಆ ಎರಡು ಪದರದ ಬೆನ್ನೇ ಹೆಚ್ಚು ಇಷ್ಟ.

ನನ್ನ ಗಡಿಯಾರದಲ್ಲಿ ಅಷ್ಟು ವೈಭವವಿಲ್ಲ. ಸ್ಪ್ರಿಂಗ್ ಪೆಟ್ಟಿಗೆಗಳೇನೋ ಎರಡಿವೆ, ಆದರೆ ಬೆನ್ನಿಗೆ ಒಂದೇ ಮುಚ್ಚಳ. ಆ ಮುಚ್ಚಳದ ಒಳಮೈಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಉಕ್ಕಿನ ಮೊಳೆಯೊಂದನ್ನು ಕೂರಿಸಿದ್ದಾರೆ, ಸುತ್ತಿಗೆ ಬಡಿಯುವುದು ಅದರ ಪಕ್ಕೆಗೆ. ಡಯಲ್‌ನ 2 ಗಂಟೆಯ ಪಕ್ಕದಲ್ಲಿರುವ ಗುಂಡಿ ಅಲಾರಾಂಗೆ, 4 ಗಂಟೆಯ ಪಕ್ಕದ್ದು ಸಮಯಕ್ಕೆ. ಮೇಲಿನ ಗುಂಡಿಯನ್ನು ಒತ್ತಿದ ಸ್ಥಿತಿಯಲ್ಲಿ ತಿರುಗಿಸಿದರೆ ಅಲಾರಾಂ ಸ್ಪ್ರಿಂಗಿಗೆ ಕೀ ತುಂಬುತ್ತದೆ. ಹೊರಗೆಳೆದು ತಿರುಗಿಸಿದರೆ ಕೆಂಪು ಬಾಣ ಚಲಿಸುತ್ತದೆ. ಎಳೆದೇ ಬಿಟ್ಟರೆ ಅಲಾರಾಂ ಸಿದ್ಧವಾಗಿದೆ ಎಂದರ್ಥ, ಒಳಕ್ಕೆ ಒತ್ತಿದರೆ ಬಾಯಿ ಮುಚ್ಚಿತು ಎಂದರ್ಥ. ಕೈಪಿಡಿ ಇಲ್ಲದೆಯೇ ಐದು ನಿಮಿಷದಲ್ಲಿ ಇದೆಲ್ಲ ಬೆರಳಿಗೆ ಅಭ್ಯಾಸವಾಗುತ್ತದೆ. ಹೊರಗೆ ಚಾಚಿಕೊಂಡಿರುವ ಗುಂಡಿಯನ್ನು ಹೆಬ್ಬೆರಳಿನಿಂದ ಸವರಿದರೆ ಸಾಕು, ಅಲಾರಾಂ ಇಟ್ಟಿದ್ದೇನೋ ಇಲ್ಲವೋ ಎಂಬುದು ಕತ್ತಲಲ್ಲೂ ತಿಳಿಯುತ್ತದೆ. ಫೋನಿನ ಪರದೆಯನ್ನು ಎಬ್ಬಿಸಿ ಸಣ್ಣ ಗಂಟೆಯ ಚಿತ್ರವನ್ನು ಹುಡುಕುವುದಕ್ಕಿಂತ ಇದು ಎಷ್ಟೋ ಮೇಲು.

ಬಾಣ ತಿರುಗಿಸುವಾಗ ಒಳಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ಈ ಯಂತ್ರದ ಮೇಲಿನ ಗೌರವ ಹೆಚ್ಚುತ್ತದೆ. ಬಾಣವನ್ನು ಹೊತ್ತಿರುವ ಗಾಲಿಯ ಮೈಯಲ್ಲಿ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ ಕಡಿದಂತಿರುವ ಕಚ್ಚು ಇದೆ. ಅದರ ಪಕ್ಕದಲ್ಲಿ ಹನ್ನೆರಡು ಗಂಟೆಗೊಮ್ಮೆ ಸುತ್ತುವ ಗಂಟೆಯ ಗಾಲಿಯನ್ನು ಒಂದು ತೆಳು ಸ್ಪ್ರಿಂಗ್ ಸದಾ ಅದರ ಕಡೆಗೆ ತಳ್ಳುತ್ತಿರುತ್ತದೆ. ಇದರ ಮೈಮೇಲಿನ ಉಬ್ಬು ಆ ಕಚ್ಚಿನ ಎದುರಿಗೆ ಬಂದ ಕ್ಷಣ ಗಾಲಿ ಕೂದಲೆಳೆಯಷ್ಟು ಜರುಗಿ ಕಚ್ಚಿನೊಳಗೆ ಬೀಳುತ್ತದೆ. ಅಷ್ಟು ಜರುಗಿದ್ದರಿಂದ ಸುತ್ತಿಗೆಯನ್ನು ತಡೆದಿದ್ದ ಅಗುಳಿ ಬಿಡುತ್ತದೆ, ತುಂಬಿದ ಸ್ಪ್ರಿಂಗ್ ಸುತ್ತಿಗೆಯನ್ನು ಅತ್ತಿಂದಿತ್ತ ಒದ್ದಾಡಿಸತೊಡಗುತ್ತದೆ. ಮುಂದಕ್ಕೆ ಸಾಗುತ್ತ ಉಬ್ಬು ಇಳಿಜಾರನ್ನು ಹತ್ತಿ ಹೊರಬಂದಾಗ ಎಲ್ಲವೂ ಮೊದಲಿನಂತೆ. ಅಲಾರಾಂ ವೇಳೆಯನ್ನು ದಾಟಿಸಿ ಮುಳ್ಳುಗಳನ್ನು ಹಿಂದಕ್ಕೆ ತಿರುಗಿಸಬಾರದು ಎಂಬ ಹಳೆಯ ಬುದ್ಧಿಮಾತಿಗೆ ಕಾರಣವೂ ಇದೇ. ಹಿಂದಕ್ಕೆ ಹೋಗುವಾಗ ಉಬ್ಬಿಗೆ ಎದುರಾಗುವುದು ಇಳಿಜಾರಲ್ಲ, ಗೋಡೆ.

ಇನ್ನು ಸದ್ದಿನ ಮಾತು. ಪೂರ್ತಿ ಕೀ ಕೊಟ್ಟರೆ ನನ್ನದು ಸುಮಾರು 12 ಸೆಕೆಂಡು ಬಾರಿಸುತ್ತದೆ. ಮೊದಲ ನಾಲ್ಕೈದು ಸೆಕೆಂಡು ಏಟುಗಳು ಒಂದಕ್ಕೊಂದು ಅಂಟಿಕೊಂಡು ಕಿರ್ರೆಂಬ ಒಂದೇ ಎಳೆಯಾಗಿ ಕೇಳುತ್ತವೆ. ಆಮೇಲೆ ಸ್ಪ್ರಿಂಗಿನ ಬಲ ಇಳಿಯುತ್ತ ಎಳೆ ಬಿರುಕು ಬಿಡುತ್ತದೆ. ಕೊನೆಯಲ್ಲಿ ಒಂದೊಂದೇ ಏಟನ್ನು ಎಣಿಸಬಹುದು, ಟರ್, ಟರ್, ಟ್, ಅಷ್ಟೇ. ಓಡಿ ಸುಸ್ತಾದವನು ನಿಂತ ಹಾಗೆ. ಕೈಯಲ್ಲಿದ್ದಾಗ ಇದು ಪಕ್ಕದ ಕುರ್ಚಿಯವರಿಗೆ ಕೇಳುವಷ್ಟು ಮಾತ್ರ. ಅಂಗಿಯ ತೋಳು ಮುಚ್ಚಿದ್ದರೆ ಅವರಿಗೂ ಅನುಮಾನವಷ್ಟೇ ಬರುತ್ತದೆ. ಆದರೆ ಕಟ್ಟಿಕೊಂಡವರಿಗೆ ಮಾತ್ರ ಸಂಶಯವೇ ಇರುವುದಿಲ್ಲ, ಏಕೆಂದರೆ ಮುಚ್ಚಳದ ನಡುಕ ನೇರವಾಗಿ ಮಣಿಕಟ್ಟಿನ ಎಲುಬಿಗೆ ಇಳಿಯುತ್ತದೆ. ಬಿಚ್ಚಿ ಮರದ ಮೇಜಿನ ಮೇಲೆ ಬೆನ್ನು ತಾಗುವಂತೆ ಇಟ್ಟರೆ ಮೇಜೇ ಕೂಗಿದಂತೆ ಸದ್ದು ಎರಡು ಪಟ್ಟಾಗುತ್ತದೆ, ಗಡಿಯಾರ ನಡುಗುತ್ತ ಅಂಚಿನ ಕಡೆಗೆ ಸರಿಯುವುದೂ ಉಂಟು. ಬಟ್ಟೆಯ ಮೇಲೆ, ದಿಂಬಿನ ಕೆಳಗೆ ಇಟ್ಟರೆ ಏನೂ ಇಲ್ಲ. ಬೋರಲು ಹಾಕಿದ ಪಿಂಗಾಣಿ ಬಟ್ಟಲಿನ ಮೇಲೆ ಇಟ್ಟು ನೋಡಿದ್ದೇನೆ, ಮನೆಯವರು ಇನ್ನೊಮ್ಮೆ ಹಾಗೆ ಮಾಡಬೇಡ ಎಂದರು.

ನಿಖರತೆಯ ವಿಷಯದಲ್ಲಿ ಹೊಸಬರು ನಿರಾಶರಾಗುತ್ತಾರೆ, ಹಾಗಾಗಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲಾರಾಂ ಬಾಣ ತೋರಿಸುವುದು ಗಂಟೆಯ ಮುಳ್ಳಿನ ದಾರಿಯನ್ನು. 12 ಗಂಟೆಗೆ, ಅಂದರೆ 720 ನಿಮಿಷಕ್ಕೆ, 360 ಡಿಗ್ರಿ. ಒಂದು ನಿಮಿಷದ ಪಾಲಿಗೆ ಬರುವುದು ಅರ್ಧ ಡಿಗ್ರಿ. ನನ್ನ ಗಡಿಯಾರದಲ್ಲಿ ಬಾಣದ ಉದ್ದ ಸುಮಾರು 10 ಮಿಲಿಮೀಟರ್, ಆದ್ದರಿಂದ ಅದರ ತುದಿ ಒಂದು ನಿಮಿಷಕ್ಕೆ ಸರಿಯಬೇಕಾದ ದೂರ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಗಾಜಿನ ಕೆಳಗಿರುವ ಬಾಣವನ್ನು ಬೆರಳಿನಿಂದ ಗುಂಡಿ ತಿರುಗಿಸಿ ಅಷ್ಟು ಸೂಕ್ಷ್ಮವಾಗಿ ನಿಲ್ಲಿಸಲು ಯಾರಿಂದಲೂ ಆಗದು. ಕಣ್ಣು ಒಂದಿಷ್ಟು ಓರೆಯಾಗಿದ್ದರೂ ಮೂರ್ನಾಲ್ಕು ನಿಮಿಷ ಹೋಯಿತು. ಎರಡು ವಾರ ಲೆಕ್ಕ ಬರೆದಿಟ್ಟೆ. 14 ಅಲಾರಾಂಗಳಲ್ಲಿ 11 ನಾನು ಬಯಸಿದ್ದಕ್ಕಿಂತ ಮೂರರಿಂದ ಐದು ನಿಮಿಷ ಮೊದಲೇ ಬಾರಿಸಿದವು, ಒಂದಂತೂ ಎಂಟು ನಿಮಿಷ ಮೊದಲು. ತಡವಾಗಿ ಬಾರಿಸಿದ್ದು ಒಂದೂ ಇಲ್ಲ. ಇಂಥ ಗಡಿಯಾರದಿಂದ ಬಯಸಬೇಕಾದದ್ದು ತಪ್ಪೇ ಇಲ್ಲದಿರುವುದನ್ನಲ್ಲ, ತಪ್ಪು ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಇರುವುದನ್ನು. ನನ್ನದು ನಾಲ್ಕು ನಿಮಿಷ ಅವಸರದ ಸ್ವಭಾವದ್ದು ಎಂದು ತಿಳಿದ ಮೇಲೆ ಬಾಣವನ್ನು ಕೂದಲಿನಷ್ಟು ಮುಂದೆ ನಿಲ್ಲಿಸುತ್ತೇನೆ. ನಿಮಿಷಕ್ಕೆ ಸರಿಯಾಗಿ ಆಗಬೇಕಾದ ಕೆಲಸವಿದ್ದರೆ ಇದನ್ನು ನಂಬುವುದಿಲ್ಲ.

ಅಂದ ಮೇಲೆ ಬೆಳಗ್ಗೆ ಏಳಲು ಇದು ಒದಗುತ್ತದೆಯೇ? ಹಗುರ ನಿದ್ದೆಯವರಿಗೆ, ಮರದ ಮೇಜಿನ ಮೇಲಿಟ್ಟರೆ, ಒದಗೀತು. ನನಗೆ ಒದಗಲಿಲ್ಲ. ಹನ್ನೆರಡು ಗಂಟೆಗಿಂತ ಆಚೆಯ ಅಲಾರಾಂ ಇಡಲು ಬರುವುದಿಲ್ಲ, ಏಕೆಂದರೆ ರಾತ್ರಿಯ ಏಳಕ್ಕೂ ಬೆಳಗಿನ ಏಳಕ್ಕೂ ಈ ಯಂತ್ರಕ್ಕೆ ವ್ಯತ್ಯಾಸ ಗೊತ್ತಿಲ್ಲ. ಒಮ್ಮೆ ಸಂಜೆ ಆರೂವರೆಗೇ ಗುಂಡಿ ಎಳೆದಿಟ್ಟು ಊಟದ ಹೊತ್ತಿಗೆ ಮೊದಲೇ ಎಲ್ಲ ಬಾರಿಸಿ ಮುಗಿಸಿಕೊಂಡು, ಬೆಳಗ್ಗೆ ಮೌನವಾಗಿ ಮಲಗಿದ್ದನ್ನು ಕಂಡಿದ್ದೇನೆ. ಮತ್ತೆ ಹತ್ತು ನಿಮಿಷ ಬಿಟ್ಟು ಎಬ್ಬಿಸು ಎನ್ನುವಂತೆಯೂ ಇಲ್ಲ. ಹೇಳುವುದು ಒಂದೇ ಸಲ.

ಹಗಲಿನಲ್ಲಿ ಮಾತ್ರ ಇದರ ಸಾಟಿ ನನಗೆ ಸಿಕ್ಕಿಲ್ಲ. ಬರೆಯಲು ಕೂತಾಗ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಬಾಣವನ್ನು ಒಂದೂವರೆ ಗಂಟೆ ಮುಂದಕ್ಕೆ ನಿಲ್ಲಿಸುತ್ತೇನೆ. ಅದಾದ ಮೇಲೆ ಗಡಿಯಾರ ನೋಡುವ ಚಪಲವೇ ಹೋಗುತ್ತದೆ. ರೈಲಿನಲ್ಲಿ ಒಂದು ತೂಕಡಿಕೆಗೆ, ಸಭೆಯಿಂದ ಇಂತಿಷ್ಟು ಹೊತ್ತಿಗೆ ಎದ್ದು ಹೊರಡುವುದಕ್ಕೆ, ಯಾರಿಗೋ ಕರೆ ಮಾಡುವುದಾಗಿ ಮಾತು ಕೊಟ್ಟಿದ್ದನ್ನು ನೆನಪಿಡುವುದಕ್ಕೆ ಇದು ಹೇಳಿ ಮಾಡಿಸಿದಂತಿದೆ. ಫೋನಿನ ಎಚ್ಚರಿಕೆಯ ಬೆನ್ನಿಗೇ ಇನ್ನೂ ನಾಲ್ಕು ಸಂದೇಶಗಳು ಕಣ್ಣಿಗೆ ಬೀಳುತ್ತವೆ, ಇಲ್ಲಿ ಮಣಿಕಟ್ಟು ನಡುಗಿತು, ಗುಂಡಿ ಒತ್ತಿದೆ, ಮುಗಿಯಿತು. ಜೇಗರ್ ಲಕೂಲ್ಟ್ರ್ ಕಂಪನಿ ತನ್ನ ಅಲಾರಾಂ ಗಡಿಯಾರಕ್ಕೆ ಮೆಮೊವಾಕ್ಸ್, ಅಂದರೆ ನೆನಪಿನ ದನಿ, ಎಂದು ಹೆಸರಿಟ್ಟದ್ದು ಈ ದೃಷ್ಟಿಯಿಂದ ಬಹಳ ಸರಿ. ನಿದ್ದೆಯ ಪ್ರಸ್ತಾಪವೇ ಆ ಹೆಸರಿನಲ್ಲಿಲ್ಲ. ಕಾರು ನಿಲ್ಲಿಸಿದ ಅವಧಿ ಮುಗಿಯುವುದನ್ನು ನೆನಪಿಸಲೆಂದೇ ಮೆಮೊವಾಕ್ಸ್ ಪಾರ್ಕಿಂಗ್ ಎಂಬ ಮಾದರಿಯನ್ನೂ ಅವರು ಮಾಡಿದ್ದರು.

ಮೆಮೊವಾಕ್ಸ್ ಮೊದಲು ಬಂದದ್ದು 1950ರಲ್ಲಿ. ಬಾಣದ ಬದಲು ಡಯಲ್ ನಡುವೆ ತಿರುಗುವ ಬಿಲ್ಲೆ, ಅದರ ಮೇಲೆ ಒಂದು ತ್ರಿಕೋನ. ನಾಲ್ಕು ಮುಳ್ಳುಗಳ ಗೋಜಲು ಇಲ್ಲದ ಕಾರಣ ಓದಲು ಸುಲಭ, ನೋಡಲೂ ಚೆಂದ. 1956ರಲ್ಲಿ ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ಮೆಮೊವಾಕ್ಸ್ ಬಂತು, ಅಲಾರಾಂ ಕೈಗಡಿಯಾರಗಳಲ್ಲಿ ಅದು ಮೊದಲನೆಯದು. ಅದರ ಸದ್ದನ್ನು ಶಾಲೆಯ ಗಂಟೆಗೆ ಹೋಲಿಸುತ್ತಾರೆ. ನಾನು ಕೇಳಿದ ಒಂದು ಹಳೆಯ ಪ್ರತಿಯ ಮಟ್ಟಿಗೆ ಆ ಹೋಲಿಕೆ ಉತ್ಪ್ರೇಕ್ಷೆಯಲ್ಲ. ಜಪಾನಿನಲ್ಲಿ ಸಿಟಿಜನ್ 1958ರಲ್ಲಿ ಮೊದಲ ಅಲಾರಾಂ ಕೈಗಡಿಯಾರ ತಂದಿತು, 1960ರ ದಶಕದ ಉತ್ತರಾರ್ಧದಲ್ಲಿ ಸೈಕೋ ಕಂಪನಿಯ ಬೆಲ್‌ಮ್ಯಾಟಿಕ್ ಬಂತು. ಬಳಕೆಗೆಂದು ಒಂದು ಗಡಿಯಾರ ಹುಡುಕುವವರಿಗೆ ನಾನು ಮೊದಲು ಹೇಳುವುದು ಬೆಲ್‌ಮ್ಯಾಟಿಕ್ ಹೆಸರನ್ನೇ. ಸಮಯದ ಸ್ಪ್ರಿಂಗ್ ತಾನಾಗಿ ತುಂಬಿಕೊಳ್ಳುತ್ತದೆ, ಅಲಾರಾಂ ಸ್ಪ್ರಿಂಗಿಗೆ ಮಾತ್ರ ನಾವು ಕೀ ಕೊಡಬೇಕು. ಅಲಾರಾಂ ಗುರುತು ಡಯಲ್‌ನ ಅಂಚಿನ ಉಂಗುರದ ಮೇಲಿರುವುದರಿಂದ, ಕೇಂದ್ರದಿಂದ ದೂರ ಹೋದಷ್ಟೂ ನಿಮಿಷದ ಪಾಲು ಹಿಗ್ಗುತ್ತದೆ ಎಂಬ ಮೇಲಿನ ಲೆಕ್ಕದ ಪ್ರಕಾರವೇ, ಹೆಚ್ಚು ನಿಖರವಾಗಿ ನಿಲ್ಲಿಸಬಹುದು. ದಪ್ಪ ಮಾತ್ರ ಹೆಚ್ಚು, ಬಿಗಿ ತೋಳಿನ ಅಂಗಿಯವರಿಗೆ ತೊಡಕಾದೀತು. ಎಲ್ಲದರಲ್ಲೂ ಗಟ್ಟಿಯಾಗಿ ಕೂಗುವುದು ಬೇಕೆಂದರೆ ಕ್ರಿಕೆಟ್‌ಗೇ ಹೋಗಬೇಕು. ನೀರಿನ ವಿಷಯದಲ್ಲಿ ಈ ಜಾತಿಯ ಹಳೆಯ ಗಡಿಯಾರಗಳನ್ನು ನಂಬಬಾರದು. ನೀರೊಳಗೆ ಬಾರಿಸಲೆಂದೇ 1961ರಲ್ಲಿ ಬಂದ ಕ್ರಿಕೆಟ್ ನಾಟಿಕಲ್‌ನಂಥವು ಕೂಡ ಇಂದಿಗೆ ಅರವತ್ತು ವರ್ಷ ದಾಟಿದವು. ನಾನು ಕೈ ತೊಳೆಯುವಾಗಲೂ ಬಿಚ್ಚಿಡುತ್ತೇನೆ.

ಬೇಸರದ ಸಂಗತಿಯೂ ಒಂದಿದೆ. ಕಳೆದ ವರ್ಷ ಎಣ್ಣೆ ಹಾಕಿ ಶುಚಿಮಾಡಿಸಲು ಒಬ್ಬ ರಿಪೇರಿಯವರಿಗೆ ಕೊಟ್ಟಿದ್ದೆ. ವಾಪಸು ಬಂದಾಗ ಸಮಯ ಚೊಕ್ಕವಾಗಿ ನಡೆಯುತ್ತಿತ್ತು, ದಿನಕ್ಕೆ ಹತ್ತು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಅಲಾರಾಂ ಮಾತ್ರ ಮೂಕವಾಗಿತ್ತು. ವೇಳೆಗೆ ಸರಿಯಾಗಿ ಒಳಗೆ ಏನೋ ಗುರುಗುಟ್ಟುತ್ತಿತ್ತು, ಪೊಟ್ಟಣದಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ. ಫೋನಿನಲ್ಲಿ ಕೇಳಿದರೆ ಹಳೆಯ ಗಡಿಯಾರ, ಸ್ಪ್ರಿಂಗ್ ಸೋತಿರಬೇಕು ಎಂಬ ಉತ್ತರ ಬಂತು. ಆದರೆ ಸೋತ ಸ್ಪ್ರಿಂಗ್ ಹಾಗೆ ಪೂರ್ತಿ ಹನ್ನೆರಡು ಸೆಕೆಂಡು ಗುರುಗುಟ್ಟುವುದಿಲ್ಲ. ಒಂದು ಸಂಜೆ ಭೂತಗನ್ನಡಿ ಇಟ್ಟುಕೊಂಡು ಬೆನ್ನನ್ನು ನೋಡಿದಾಗ ವಿಷಯ ಹೊಳೆಯಿತು. ಮುಚ್ಚಳದ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇದೆ, ಕೇಸಿನ ಮೇಲೂ ಅದಕ್ಕೆ ಹೊಂದುವ ಗುರುತಿದೆ. ಎರಡೂ ಎದುರುಬದುರು ಕೂರಬೇಕು. ಮುಚ್ಚುವಾಗ ಅದನ್ನು ಗಮನಿಸದೆ ಕಾಲು ಸುತ್ತು ಆಚೆ ಒತ್ತಿ ಕೂರಿಸಿದ್ದರು. ಮೊಳೆ ಒಂದು ಕಡೆ, ಸುತ್ತಿಗೆ ಇನ್ನೊಂದು ಕಡೆ, ಏಟೆಲ್ಲ ಗಾಳಿಗೆ. ಮುಚ್ಚಳ ತೆಗೆಯುವ ಚಾಕುವಿನಿಂದ ಎಬ್ಬಿಸಿ, ಗುರುತಿಗೆ ಗುರುತು ಕೂಡಿಸಿ ಒತ್ತಿದೆ, ಹಳೆಯ ದನಿ ಮರಳಿತು. ರಿಪೇರಿಗೆ ಕೊಡುವ ಮುನ್ನ ಬೆನ್ನಿನ ಫೋಟೋ ತೆಗೆದಿಟ್ಟುಕೊಳ್ಳುವುದು ಅಂದಿನಿಂದ ನನ್ನ ಅಭ್ಯಾಸ.

ಒಂದನ್ನು ಕೊಳ್ಳಬೇಕೆನ್ನುವವರು ಡಯಲ್‌ನ ಹೊಳಪಿಗಿಂತ ಬೆನ್ನಿಗೆ ಹೆಚ್ಚು ಗಮನ ಕೊಡಬೇಕು. ಹಳೆಯ ಗಡಿಯಾರಗಳಲ್ಲಿ ಮುಚ್ಚಳ ಬದಲಾಗಿರುವುದು ಅಪರೂಪವಲ್ಲ. ಮೊಳೆಯಿಲ್ಲದ ಸಾದಾ ಮುಚ್ಚಳ ಹೊಂದಿಕೊಂಡು ಕೂತರೂ ಅಂಥ ಗಡಿಯಾರ ಜನ್ಮಕ್ಕೆ ಬಾರಿಸದು. ಹಾಗಾಗಿ ಮುಚ್ಚಳದ ಒಳಮೈಯ ಚಿತ್ರ ಕೇಳಿ ಪಡೆಯಬೇಕು, ಮೊಳೆಯ ಪಕ್ಕೆಯಲ್ಲಿ ಸುತ್ತಿಗೆ ಬಡಿದ ಸವೆತ ಕಂಡರೆ ಅದು ಒಳ್ಳೆಯ ಲಕ್ಷಣ. ಎರಡೂ ಗುಂಡಿಗಳು ಒಂದೇ ಬಗೆಯವೇ ಎಂದು ನೋಡಬೇಕು, ಎಳೆದು ಬಿಟ್ಟ ಮೇಲಿನ ಗುಂಡಿ ತಾನಾಗಿ ಒಳಸರಿಯದೆ ನಿಲ್ಲಬೇಕು. ಅಲಾರಾಂ ಕೆಲಸ ಮಾಡುತ್ತದೆ ಎಂಬ ಮಾರುವವರ ಒಂದು ಸಾಲಿನ ಭರವಸೆ ಸಾಲದು. ಮೇಜಿನ ಮೇಲಿಟ್ಟು ಬಾರಿಸಿದ ವಿಡಿಯೋ ಕೂಡ ಸಾಲದು, ಮೇಜು ಎಂಥ ಬಡಕಲು ದನಿಗೂ ಮೈ ತುಂಬಿಸಿಬಿಡುತ್ತದೆ. ಪೂರ್ತಿ ಕೀ ಕೊಟ್ಟು, ಕೈಗೆ ಕಟ್ಟಿಕೊಂಡು, ಮೊದಲ ಏಟಿನಿಂದ ಕೊನೆಯ ಏಟಿನ ತನಕ ಬಾರಿಸಿ ತೋರಿಸಲು ಕೇಳಿ.